ದಾಸವಾಳದೊಳಗಿನ ಗಾರ್ಡಪ್ಪ

ವನಿತಾಳ ಮನೆಯಲ್ಲಿ ಹಾಲು ಉಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಒಲೆಯ ಮುಂದೆ ನಿಂತರೆ ಅವಳು ಪಾತ್ರೆಯ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಗಂಡ ಅಂಬರೀಶ್ ಬೆಳಗಿನ ರೈಲಿಗೆ ಹೊರಟರೆ, ಉರಿಗಾಂ ಸ್ಟೇಷನ್ನಿನ ಕಡೆಯ ತಿರುವಿನಲ್ಲಿ ಅವನ ಬೆನ್ನು ಮರೆಯಾಗುವವರೆಗೆ, ಮರೆಯಾದ ಮೇಲೂ ಸ್ವಲ್ಪ ಹೊತ್ತು, ಬಾಗಿಲಲ್ಲೇ ನಿಂತಿರುತ್ತಿದ್ದಳು. ಬಟ್ಟೆ ಒಣಹಾಕಿದರೆ ಬಟ್ಟೆಯನ್ನು, ಮೋಡ ಕವಿದರೆ ಮೋಡವನ್ನು ಕಾಯುವಳು. ಕಣ್ಣು ತೆಗೆದರೆ ಏನೋ ಆಗಿಬಿಡುತ್ತದೆ ಎಂಬ ಅಳುಕು ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಬಂಗಾರಪೇಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ್ದರಿಂದ ಅದು ಕಡಿಮೆಯಾಗಿರಲಿಲ್ಲ. ಏನೇನು ಆಗಬಹುದು ಎಂಬುದು ಇನ್ನಷ್ಟು ವಿವರವಾಗಿ ತಿಳಿದಿತ್ತು, ಅಷ್ಟೆ.

ಅಂಥವಳಿಗೆ ಮಳೆಗಾಲ ಕಳೆದ ಹೊಸತರಲ್ಲಿ ಒಂದು ಊಸರವಳ್ಳಿ ಸಿಕ್ಕಿತು. ರೈಲು ಹಳಿಯ ಪಕ್ಕದ ರಸ್ತೆಯನ್ನು ಅದು ದಾಟುತ್ತಿತ್ತು. ದಾಟಲೋ ಬೇಡವೋ ಎಂದು ನಡುರಸ್ತೆಯಲ್ಲಿ ನಿಂತು ಯೋಚಿಸುತ್ತಿತ್ತು ಎನ್ನಬೇಕು. ಒಂದು ಕಾಲೆತ್ತಿ, ಮುಂದಕ್ಕೂ ಹಿಂದಕ್ಕೂ ತೂಗಿ, ಕೊನೆಗೆ ಎತ್ತಿದಲ್ಲೇ ಇಡುತ್ತಿತ್ತು. ಆಂಡರ್ಸನ್‌ಪೇಟೆ ಕಡೆಯಿಂದ ಆಟೊ ಬರುವ ಸದ್ದು ಕೇಳಿ ವನಿತಾ ಕೈಯಲ್ಲಿದ್ದ ಕೊಡೆಯ ತುದಿ ಚಾಚಿದಳು. ಅದಕ್ಕಾಗಿಯೇ ಕಾಯುತ್ತಿದ್ದ ಹಾಗೆ ಅದು ಕೊಡೆ ಹತ್ತಿ ಬಂದು ಅವಳ ಬೆರಳನ್ನು ಹಿಡಿದುಕೊಂಡಿತು. ಹಿಂಗಾಲಿನಲ್ಲಿ ತರಚಿದ ಗಾಯವಿತ್ತು. ಒಂದು ಕಣ್ಣು ಅವಳನ್ನು ನೋಡುತ್ತಿತ್ತು. ಇನ್ನೊಂದು, ಮುಚ್ಚಿಹೋದ ಚಿನ್ನದ ಗಣಿಯ ಮಣ್ಣು ರಾಶಿ ಬಿದ್ದು ಬೆಟ್ಟವಾದ ಸೈನೈಡ್ ದಿಬ್ಬದ ಬಿಳುಪನ್ನು ನೋಡುತ್ತಿತ್ತು. ತನ್ನ ಎರಡು ಕಣ್ಣೂ ಸದಾ ಒಂದೇ ಭಯದ ಮೇಲೆ ನೆಟ್ಟಿರುವಾಗ, ಎರಡನ್ನು ಎರಡು ಕಡೆ ಕಳಿಸಿ ನೆಮ್ಮದಿಯಾಗಿರುವ ಈ ಜೀವವನ್ನು ಕಂಡು ವನಿತಾಳಿಗೆ ಒಂದು ಬಗೆಯ ಅಸೂಯೆಯಾಯಿತು. ಕಾಲು ವಾಸಿಯಾಗುವವರೆಗೆ ಎಂದುಕೊಂಡು ಮನೆಗೆ ತಂದಳು. ವಾಸಿಯಾದ ಮೇಲೆ ಬಿಡಲು ಮನಸ್ಸು ಬರಲಿಲ್ಲ.

ಅತ್ತೆ ಕದಿರಮ್ಮ ಮೊದಲ ದಿನ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಪಚ್ಚೋಂದಿ, ಅಂದರೆ ಊಸರವಳ್ಳಿ, ಬರೀ ವಿಷ, ಅದರ ಉಸಿರು ತಾಕಿದರೆ ಮೈಯೆಲ್ಲ ಬೊಬ್ಬೆ ಏಳುತ್ತದೆ ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಸಾಲುಮನೆಗೆಲ್ಲ ಕೇಳುವಂತೆ ಹೇಳಿದರು. ಸಂಜೆ ರೈಲಿಳಿದು ಬಂದ ಅಂಬರೀಶ್ ಅದನ್ನು ನೋಡಿ ನಕ್ಕ. ಹಸಿರು ತೋರಿಸುತ್ತದೆ, ಆದರೂ ಗಾಡಿ ಹೊರಡುವುದಿಲ್ಲ, ಥೇಟ್ ನಮ್ಮ ರೈಲಿನ ಗಾರ್ಡು ಎಂದ. ಅಂದಿನಿಂದ ಅದು ಗಾರ್ಡಪ್ಪನಾಯಿತು. ಹೆಸರು ಬಂದ ಮೇಲೆ ಕದಿರಮ್ಮನೂ ಒಳಗೆ ಬಂದರು. ಹೆಸರಿರುವವರನ್ನು ಮನೆಯಿಂದ ಆಚೆ ಹಾಕುವುದು ಅವರಿಂದಾಗುತ್ತಿರಲಿಲ್ಲ.

ಅಡುಗೆಮನೆಯ ಹಳೆಯ ಜಾಲರಿ ಬೀರುವನ್ನು ಖಾಲಿ ಮಾಡಿ ವನಿತಾ ಅದಕ್ಕೆ ಮನೆ ಮಾಡಿದಳು. ಒಂದು ಒಣ ಸೀಬೆಕೊಂಬೆ ನಿಲ್ಲಿಸಿ, ಚೆಂದಕ್ಕಿರಲಿ ಎಂದು ತನ್ನ ಮದುವೆಯ ಚಪ್ಪರದ ಪ್ಲಾಸ್ಟಿಕ್ ಬಳ್ಳಿಯನ್ನು ಸುತ್ತಿದಳು. ಡಬ್ಬಿಯ ಮುಚ್ಚಳದಲ್ಲಿ ನೀರಿಟ್ಟಳು. ಬೋರಿನ ಸವಳು ನೀರಲ್ಲ, ಸರದಿಯ ಮೇಲೆ ಬರುವ, ಕುಡಿಯಲೆಂದೇ ಹಿಡಿದಿಟ್ಟ ಬೇತಮಂಗಲದ ನೀರು. ಬೆಕ್ಕಿನ ಭಯಕ್ಕೆ ಹಿತ್ತಿಲ ಬಾಗಿಲು ಮುಚ್ಚಿದಳು. ದಿಬ್ಬದ ಧೂಳಿನ ಭಯಕ್ಕೆ ಕಿಟಕಿ ಮುಚ್ಚಿದಳು. ಬೀರುವನ್ನು ನಡುಮನೆಯ ಟ್ಯೂಬ್‌ಲೈಟಿನ ಕೆಳಗೆ ಇಟ್ಟಳು. ಅಲ್ಲಿದ್ದರೆ ಅದು ಒಲೆಯ ಮುಂದಿನಿಂದಲೂ ಕಾಣುತ್ತಿತ್ತು, ಬಚ್ಚಲಿನ ಬಾಗಿಲಿನಿಂದಲೂ ಕಾಣುತ್ತಿತ್ತು, ಚಾಪೆಯ ಮೇಲೆ ಮಲಗಿದರೂ ಕಾಣುತ್ತಿತ್ತು. ಮಧ್ಯಾಹ್ನದ ಉದ್ದನೆಯ ಹೊತ್ತಿನಲ್ಲಿ, ಬೀದಿ ನಿದ್ದೆ ಹೋದಾಗ, ವನಿತಾ ಜಾಲರಿಗೆ ಮೂಗು ತಾಗಿಸಿ ಕೂರುವಳು. ಗಾರ್ಡಪ್ಪನ ಮೈಮೇಲೆ ಹಸಿರು ಹಳದಿಯಾಗಿ, ಹಳದಿ ಮಣ್ಣಾಗಿ ಹರಿಯುವುದನ್ನು ನೋಡುತ್ತ ನೋಡುತ್ತ ಅವಳಿಗೆ ತಾನೂ ಯಾವುದೋ ಬಣ್ಣದಿಂದ ಯಾವುದೋ ಬಣ್ಣಕ್ಕೆ ದಾಟುತ್ತಿರುವ ಹಾಗೆ ಅನ್ನಿಸುತ್ತಿತ್ತು.

ಚಳಿ ಶುರುವಾಗುವ ಹೊತ್ತಿಗೆ ಹಸಿರು ಮರಳಿ ಬರುವುದು ನಿಂತಿತು. ಗಾರ್ಡಪ್ಪ ಒಲೆಯ ಇದ್ದಿಲಿನ ಬಣ್ಣಕ್ಕೆ ತಿರುಗಿ ಹಾಗೇ ಉಳಿಯಿತು. ಹಗಲಲ್ಲೂ ಕಣ್ಣು ಮುಚ್ಚಿರುತ್ತಿತ್ತು. ಗೋಪುರದಂತಿದ್ದ ಆ ಕಣ್ಣುಗಳು ಒಳಕ್ಕೆ ಸೇದಿಹೋಗಿದ್ದವು. ಮಿಡತೆ ಎದುರಿಗೇ ಕೂತರೂ ನಾಲಿಗೆ ಚಾಚುತ್ತಿರಲಿಲ್ಲ. ಕದಿರಮ್ಮ ಹಾಲಿಟ್ಟರು, ಮೊಟ್ಟೆಯ ಹಳದಿ ಇಟ್ಟರು, ಯಾವುದಕ್ಕೂ ಅದು ತಲೆ ಬಗ್ಗಿಸಲಿಲ್ಲ. ಒಂದು ಬೆಳಿಗ್ಗೆ ಕೊಂಬೆಯಿಂದ ಜಾರಿ ಬೀರುವಿನ ತಳದಲ್ಲಿ ಬಿದ್ದಿತ್ತು. ಎತ್ತಿಕೊಂಡಾಗ ಅದರ ಕಾಲ್ಬೆರಳುಗಳು ಅವಳ ಬೆರಳನ್ನು ಸುತ್ತಿದವೇ ಹೊರತು ಹಿಡಿಯಲಿಲ್ಲ. ಇನ್ನು ಉಳಿಯುವುದಿಲ್ಲವೆಂದು ವನಿತಾಳಿಗೆ ಅನ್ನಿಸಿತು. ಆ ಮಾತನ್ನು ಬಾಯಿಬಿಟ್ಟು ಹೇಳಲು ಹೆದರಿ, ಬುಟ್ಟಿಗೆ ಒದ್ದೆ ಬಟ್ಟೆ ಹಾಸಿ, ಬಂಗಾರಪೇಟೆಯ ರೈಲು ಹತ್ತಿದಳು.

ಪಶು ಆಸ್ಪತ್ರೆಯಲ್ಲಿ ಎರಡು ಸೀಮೆಹಸುಗಳ ಹಿಂದೆ ಬುಟ್ಟಿ ಹಿಡಿದು ನಿಂತಳು. ಡಾಕ್ಟರ್ ಅಂಬಿಕ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ಬಟ್ಟೆ ಸರಿಸಿ ನೋಡಿ, ತಮಗೆ ಹಸು ಎಮ್ಮೆ ಗೊತ್ತು, ಇದು ಗೊತ್ತಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ವಾಪಸು ಕಳಿಸಲಿಲ್ಲ. ಕಾಡುಪ್ರಾಣಿಗಳ ಚಿಕಿತ್ಸೆ ಮಾಡುವ ತಮ್ಮ ಸಹಪಾಠಿಯೊಬ್ಬರಿಗೆ ಫೋನ್ ಹಚ್ಚಿ, ಗಾರ್ಡಪ್ಪನ ಕಣ್ಣು, ದವಡೆ, ಕಾಲು ಒಂದೊಂದನ್ನೂ ಕ್ಯಾಮೆರಾಕ್ಕೆ ತೋರಿಸಿ ಬಹಳ ಹೊತ್ತು ಮಾತಾಡಿದರು. ಆಮೇಲೆ ವನಿತಾಳನ್ನು ಬೆಂಚಿನ ಮೇಲೆ ಕೂರಿಸಿಕೊಂಡರು. ಇದಕ್ಕೆ ನೀರಿಲ್ಲ ಎಂದರು. ನೀರಿಟ್ಟಿದ್ದೇನೆ ಎಂದಳು ವನಿತಾ. ನಿಂತ ನೀರು ಇದರ ಕಣ್ಣಿಗೆ ನೀರೇ ಅಲ್ಲವಂತೆ. ಎಲೆಯ ಮೇಲೆ ಹನಿ ಉರುಳಿದರೆ ಮಾತ್ರ ನೆಕ್ಕುತ್ತದಂತೆ. ಬಿಸಿಲು ತಾಕದೆ ಮೂಳೆ ಮೆತ್ತಗಾಗಿದೆ. ಮಿಡತೆಗೆ ಹಚ್ಚಿ ಕೊಡಲು ಒಂದು ಬಿಳಿ ಪುಡಿ ಕೊಟ್ಟರು.

"ಮನೇಲಿ ಎಲ್ಲಿ ಇಟ್ಟಿದೀರ ಇದನ್ನ?"

"ಕಣ್ಣೆದುರಿಗೇ ಇಟ್ಕೊಂಡಿದೀನಿ ಡಾಕ್ಟ್ರೇ. ಒಂದು ಗಳಿಗೇನೂ ಬಿಟ್ಟಿಲ್ಲ."

ಡಾಕ್ಟರ್ ಅಂಬಿಕ ಒದ್ದೆ ಬಟ್ಟೆಯನ್ನು ಗಾರ್ಡಪ್ಪನ ಮೇಲೆ ಮತ್ತೆ ಎಳೆದು ಹೇಳಿದರು. "ಅದೇ ತೊಂದ್ರೆ ಆಗಿರೋದು. ಅಡಗೋಕೆ ಎಲೆ ಇಲ್ಲ, ಎತ್ತ ತಿರುಗಿದ್ರೂ ಎರಡು ಕಣ್ಣು. ಪ್ರೀತಿಯಿಂದ ನೋಡ್ತಿದಾರೆ ಅಂತ ಅದಕ್ಕೇನು ಗೊತ್ತು? ಅದರ ಲೆಕ್ಕಕ್ಕೆ ಅದು ಗಿಡುಗನ ಕಣ್ಣು. ನೀವು ನೋಡೋದು ಬಿಟ್ರೆ ಬದುಕಬಹುದು."

ಇನ್ನೊಂದು ಮಾತನ್ನೂ ಸೇರಿಸಿದರು. ಇದು ಮನೆಯಲ್ಲಿ ಸಾಕುವ ಪ್ರಾಣಿಯಲ್ಲ, ಕಾನೂನೂ ಒಪ್ಪುವುದಿಲ್ಲ. ಸದ್ಯಕ್ಕೆ ಹೊರಗೆ ಒಂದು ಗಿಡಕ್ಕೆ ಬಲೆ ಕಟ್ಟಿ ಅದರೊಳಗಿಡಬೇಕು, ಹಿಡಿತ ಗಟ್ಟಿಯಾದ ದಿನ ಬಲೆ ಬಿಚ್ಚಿಬಿಡಬೇಕು.

ವಾಪಸು ಬರುವಾಗ ರೈಲು ಖಾಲಿಯಿತ್ತು. ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ಕಿಟಕಿಯಾಚೆ, ನಿಂತುಹೋದ ಗಣಿಯ ಚಕ್ರಗಳು ಬಿಸಿಲಲ್ಲಿ ತೇಲುತ್ತಿದ್ದವು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ವನಿತಾಳಿಗೆ ಮಂಪರು ಹತ್ತಿತು. ಕನಸಿನಲ್ಲಿ ಅವಳು ದಿಬ್ಬದ ಮೇಲೆ ಬಹಳ ಎತ್ತರದಲ್ಲಿ ರೆಕ್ಕೆ ಬಿಚ್ಚಿ ನಿಂತಿದ್ದಳು. ಕೆಳಗೆ ಬೆಳ್ಳಗೆ ಹರಡಿದ ನೆಲ, ಒಂದು ಹುಲ್ಲುಕಡ್ಡಿಯಿಲ್ಲ, ನೆರಳಿಲ್ಲ. ಆ ಬಿಳುಪಿನ ನಡುವೆ ಒಂದೇ ಒಂದು ಹಸಿರು ಚುಕ್ಕೆ ಕಾಲೆತ್ತಿ ನಡುಗುತ್ತ ನಿಂತಿತ್ತು. ಅವಳಿಗೆ ಆಚೆ ಹಾರಿಹೋಗಬೇಕೆಂದು ಆಸೆ. ರೆಕ್ಕೆ ತಿರುಗುತ್ತಿತ್ತು, ಕಣ್ಣು ಮಾತ್ರ ಅಲ್ಲಿಂದ ಕದಲುತ್ತಿರಲಿಲ್ಲ. ಉರಿಗಾಂ ಬಂದಾಗ ಬೆವೆತು ಎದ್ದಳು.

ಹಿತ್ತಿಲಿನಲ್ಲಿ ಗೋಡೆಗೊರಗಿ ಬೆಳೆದ ಒಂದು ದಾಸವಾಳದ ಗಿಡವಿತ್ತು. ಅಂಬರೀಶ್ ಭಾನುವಾರವೆಲ್ಲ ಕೂತು ಅದರ ಸುತ್ತ ಮನೆ ಕಟ್ಟಿದ. ವನಿತಾಳ ತವರಿನಿಂದ ಬಂದ, ಟೊಮೇಟೊ ಗಿಡಕ್ಕೆ ಊರುವ ಕಡ್ಡಿಗಳನ್ನು ನೆಟ್ಟು ಸುತ್ತ ತಂತಿಬಲೆ ಬಿಗಿದ. ಪಡುವಣದ ಬಿಸಿಲಿಗೆ ಮರೆಯಾಗಲು ಒಂದು ಬದಿಗೆ ಹಳೆಯ ಗೋಣಿ ಕಟ್ಟಿದ. ಮೂಡಣದ ಕಡೆ ತೆರೆದೇ ಬಿಟ್ಟ. ವನಿತಾ ಒಳಗೆ ಅಮೃತಬಳ್ಳಿ ಹಬ್ಬಿಸಿದಳು. ಹನಿಗೆಂದು ಆಂಡರ್ಸನ್‌ಪೇಟೆಯ ಮೆಡಿಕಲ್ ಶಾಪಿಗೆ ಹೋಗಿ ಸಲೈನ್ ಹಾಕುವ ಕೊಳವೆ ಕೇಳಿದಾಗ, ಯಾರಿಗೆ ಹುಷಾರಿಲ್ಲ ಎಂದು ಅಂಗಡಿಯವನು ಕನಿಕರದಿಂದ ವಿಚಾರಿಸಿದ. ಮನೆಯಲ್ಲೊಬ್ಬರಿಗೆ ಎಂದಳು ಅವಳು, ಸುಳ್ಳಾಗದ ಹಾಗೆ ನೋಡಿಕೊಂಡು. ವಯಸ್ಸಾದವರಾ ಎಂದು ಅವನು ಕೇಳಿದ್ದಕ್ಕೆ, ಸರಿಯಾಗಿ ಗೊತ್ತಿಲ್ಲ ಎಂದು ಹೇಳಿ ಬಂದಳು. ನೀರಿನ ಬಾಟಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಕೊಳವೆಯ ಗಾಲಿ ತಿರುಗಿಸಿದರೆ, ಮೇಲಿನ ಎಲೆಯಿಂದ ಕೆಳಗಿನ ಎಲೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ, ಹನಿ ನಿಧಾನಕ್ಕೆ ಇಳಿಯುತ್ತಿತ್ತು.

ಗಾರ್ಡಪ್ಪನನ್ನು ಗಿಡಕ್ಕೆ ಬಿಟ್ಟಾಗ ಅದು ಕಣ್ಣು ತೆರೆಯದೆಯೇ ಒಂದೊಂದೇ ಕಾಲು ಸರಿಸುತ್ತ ಎಲೆಗಳ ಒಳಕ್ಕೆ ಹೋಯಿತು. ಮೊದಲು ಮೂತಿ, ಆಮೇಲೆ ಬೆನ್ನು, ಕೊನೆಗೆ ಸುರುಳಿ ಸುತ್ತಿದ ಬಾಲ. ಎಲೆ ಮುಚ್ಚಿಕೊಂಡಿತು.

ಅಲ್ಲಿಂದ ವನಿತಾಳ ಕಷ್ಟ ಶುರುವಾಯಿತು. ಮನೆಯ ಯಾವ ಮೂಲೆಗೆ ಹೋದರೂ ಅವಳ ಕಾಲು ಹಿತ್ತಿಲ ಬಾಗಿಲಿಗೇ ಬರುತ್ತಿತ್ತು. ಸತ್ತು ಬಿದ್ದಿದ್ದರೆ? ಇರುವೆ ಮುತ್ತಿದ್ದರೆ? ನೋಡಿದರೆ ಸಾಯಬಹುದು, ನೋಡದಿದ್ದರೆ ಸತ್ತದ್ದೂ ತಿಳಿಯದು. ಈ ಎರಡರ ನಡುವೆ ಅವಳು ಹೊಸ್ತಿಲ ಮೇಲೆ ಒಂದು ಕಾಲೆತ್ತಿ ತೂಗುತ್ತ ನಿಲ್ಲುವಳು. ಕಡೆಗೆ ಕದಿರಮ್ಮನೇ ಕಾವಲಿನ ಕೆಲಸ ವಹಿಸಿಕೊಂಡರು. ಬಾಗಿಲಿಗೆ ಅಡ್ಡವಾಗಿ ಕೂತು, ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯತೊಡಗಿದರು. ದಿಬ್ಬದ ಕಡೆಯಿಂದ ಗಾಳಿ ಎದ್ದ ದಿನ ಎಲೆಯ ಮೇಲೆ ಬಿಳಿ ಧೂಳು ಕೂತರೆ, ಚೊಂಬಿನಿಂದ ನೀರು ಚಿಮುಕಿಸಿ ತೊಳೆಯುವವರೂ ಅವರೇ. ಹಾಗಾದರೆ ನೀವು ನೋಡಬಹುದೇ ಎಂದು ವನಿತಾ ಕೇಳಿದಳು.

"ನಂಗೆ ಪೊರೆ ಬಂದೈತಲ್ಲಮ್ಮಾ," ಎಂದರು ಕದಿರಮ್ಮ. "ನಾನು ನೋಡೋದೂ ಒಂದೇ, ನೋಡ್ದೇ ಇರೋದೂ ಒಂದೇ. ನಿನ್ ಕಣ್ಣು ಅಂಗಲ್ಲ. ಕಲ್ ಮ್ಯಾಲೆ ಬಿದ್ರೆ ಕಲ್ಲೂ ಬೆವರ್ತದೆ. ಓಗು, ಒಳೀಕ್ ಓಗಿ ಕೂತ್ಕೋ."

ವನಿತಾ ಒಳಗೆ ಹೋಗಿ ಕೂತಳು. ಗಾರ್ಡಪ್ಪನಿಗಾಗಿ ಅವಳು ಮಾಡಬಹುದಾದದ್ದು ಈಗ ಬಹಳ ಸ್ವಲ್ಪ. ಬೆಳಿಗ್ಗೆ ದಿಬ್ಬದ ಬುಡದ ಹುಲ್ಲಿನಲ್ಲಿ ಮಿಡತೆ ಹಿಡಿದು, ಪುಡಿ ಹಚ್ಚಿ, ಮುಖ ತಿರುಗಿಸಿಕೊಂಡು ಬಲೆಯೊಳಗೆ ಬಿಡುವಳು. ಮಧ್ಯಾಹ್ನ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂರುವಳು. ಮುಚ್ಚಿದ ರೆಪ್ಪೆಯ ಹಿಂದೆ ದಾಸವಾಳದ ಗಿಡ ಬೆಳೆಯುತ್ತ ಹೋಗುತ್ತಿತ್ತು. ಅದರ ಬೇರು ಮನೆಯ ಕೆಳಗಿನ ಹಳೆಯ ಸುರಂಗಗಳಿಗೆ ಇಳಿದು, ಅಲ್ಲಿ ನಿಂತ ಕಪ್ಪು ನೀರನ್ನು ಹೀರಿ, ಎಲೆಯ ತುದಿಯಲ್ಲಿ ಒಂದೊಂದೇ ಬೆಳ್ಳನೆಯ ಹನಿಯಾಗಿ ಬಿಡುತ್ತಿತ್ತು. ಯಾರೂ ಕಾಯದೆಯೇ ಹನಿ ತುಂಬುತ್ತಿತ್ತು, ಯಾರೂ ಕಾಯದೆಯೇ ಬೀಳುತ್ತಿತ್ತು.

ಒಂದು ದಿನ ಗಿಡದ ಬುಡ ಗುಡಿಸಿದ ಕದಿರಮ್ಮ ಎಲೆಯ ಮೇಲೆ ಏನನ್ನೋ ಇಟ್ಟುಕೊಂಡು ಒಳಗೆ ತಂದು ತೋರಿಸಿದರು. ಗಾರ್ಡಪ್ಪನ ಹಿಕ್ಕೆ. ಕಾಯಿಲೆ ಬಿದ್ದಾಗ ಅದರ ತುದಿ ಅರಿಶಿನದ ಹಾಗೆ ಹಳದಿಯಾಗಿರುತ್ತಿತ್ತು. ಅದು ಬೆಳ್ಳಗಾದರೆ ಮೈಗೆ ನೀರು ಹತ್ತಿದೆ ಎಂದರ್ಥವೆಂದು ಡಾಕ್ಟರ್ ಅಂಬಿಕ ಹೇಳಿದ್ದರು. ಈ ತುದಿ ಸುಣ್ಣದಷ್ಟು ಬೆಳ್ಳಗಿತ್ತು. ಅತ್ತೆ ಸೊಸೆ ಇಬ್ಬರೂ ಬಾಗಿಲ ಬೆಳಕಿನಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಂಜೆ ಅಂಬರೀಶನಿಗೂ ತೋರಿಸಿದರು. ಹಬ್ಬದ ಊಟಕ್ಕೆ ಕೂತ ಹಾಗೆ ಮನೆ ಲವಲವಿಕೆಯಿಂದಿತ್ತು.

ಊರಿನ ಸೀಬೆಮರಗಳು ಹೂಬಿಟ್ಟ ಮೇಲೆ, ಡಾಕ್ಟರು ಫೋನಿನಲ್ಲಿ ಹೇಳಿದಂತೆ, ವನಿತಾ ಬಲೆಯ ಬಾಗಿಲು ತೆರೆದು ಒಳಗೆ ಕೈ ಚಾಚಿದಳು. ಎಲೆಗಳ ನಡುವೆ ಏನೂ ಕಾಣಲಿಲ್ಲ. ಹುಡುಕುವುದಿಲ್ಲ ಎಂದುಕೊಂಡು ಬೆರಳನ್ನು ಕೊಂಬೆಯ ಹಾಗೆ ಅಲುಗಿಸದೆ ಹಿಡಿದಳು. ಕೈ ಸೋತುಹೋಗುವಷ್ಟು ಹೊತ್ತಾದ ಮೇಲೆ, ತಾನು ಎಲೆ ಎಂದುಕೊಂಡಿದ್ದ ಒಂದು ಎಲೆ ಕಾಲೆತ್ತಿತು. ತೂಗಿತು. ಅವಳ ಬೆರಳನ್ನು ಹಿಡಿಯಿತು. ಉಗುರು ಚರ್ಮದೊಳಕ್ಕೆ ಇಳಿದು ನೋವಾಯಿತು. ನೋವಾದದ್ದಕ್ಕೆ ಅವಳ ಕಣ್ಣು ತುಂಬಿ, ಗಾರ್ಡಪ್ಪನೂ ಗಿಡವೂ ಒಂದೇ ಹಸಿರಾಗಿ ಕದಡಿಹೋದವು.

ಅಂಬರೀಶ್ ಬರುವವರೆಗೆ ಕಾಯೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಕಾದರೆ ನಾಳೆಯಾಗುತ್ತದೆ, ನಾಳೆ ಇನ್ನೊಂದು ನಾಳೆಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಕೊಂಬೆಗೆ ಮರಳಿಸಿ, ತಂತಿಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಬಲೆಯನ್ನು ಸುರುಳಿ ಸುತ್ತಿ ಗೋಡೆಗೊರಗಿಸಿದಳು. ಗಿಡದ ಒಂದು ಟೊಂಗೆ ಗೋಡೆಯಾಚೆಗೆ ಬಾಗಿತ್ತು. ಅದರಾಚೆ ಹೊಂಗೆಮರ. ಹೊಂಗೆಮರದಾಚೆ ಹಳಿ, ಕುರುಚಲು ಕಾಡು, ಬಿಸಿಲು.

"ಓಯ್ತಾ?" ಎಂದರು ಕದಿರಮ್ಮ, ಬಾಗಿಲಿನಿಂದ.

"ಗೊತ್ತಿಲ್ಲ ಅತ್ತೆ. ನಾನು ನೋಡ್ಲಿಲ್ಲ."

ಅವಳು ಒಳಗೆ ಬರಲು ಕದಿರಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು. ನಡುಮನೆಯ ಕಿಟಕಿ ತೆರೆದಿತ್ತು. ವನಿತಾ ಚಾಪೆ ಬಿಡಿಸಿ ಹಿತ್ತಿಲಿಗೆ ಬೆನ್ನು ಮಾಡಿ ಮಲಗಿದಳು. ಹಗಲು ಮಲಗಿ ಅವಳಿಗೆ ಅಭ್ಯಾಸವಿರಲಿಲ್ಲ. ಮೈ ಭಾರವಾಗುತ್ತ ಬಂತು. ಹೊರಗೆಲ್ಲೋ ಎಲೆಗಳು ಸರಸರ ಎಂದವು, ಗಾಳಿಗೋ, ಯಾರೋ ಹೊರಟದ್ದಕ್ಕೋ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಗ್ಗುಲು ಬದಲಿಸಿದಳು.