ಉಪ್ಪು ಹಾಕದ ಮಾಂಸ

ಮಲೇಶಿಯಾದ ಸುಬಾಂಗ್ ಜಯಾದಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿರುವ ಚೀನೀ ಹೋಟೆಲಿನ ಬೋರ್ಡಿನಲ್ಲಿ 'ಬೀಜಿಂಗ್ ಊಟ' ಎಂದಿದೆ. ಯಜಮಾನ ಲಿಯಾಂಗ್‌ನ ತಾಯಿ ಗ್ವಾನ್ ಬಾಯಿ ಚೀನಾದ ಈಶಾನ್ಯದ ಮಂಚು ಜನದವರು, ನನ್ನದೇ ಪ್ರಾಯ. ಹುಳಿಬರಿಸಿದ ಕೋಸಿನೊಡನೆ ಬೇಯಿಸುವ ಹಂದಿಮಾಂಸ, ಪಾಕ ಹಾಕಿದ ಸಾಚಿಮಾ ಮಿಠಾಯಿ, ಎಲ್ಲ ತಮ್ಮವರ ಅಡುಗೆಯೇ. ಬೀಜಿಂಗಿನವರು ತಿಂದು ತಿಂದು ತಮ್ಮದು ಮಾಡಿಕೊಂಡರು ಎಂಬುದು ಅವರ ವಾದ.

ಆ ಭಾನುವಾರ ಇಗರ್ಜಿಯ ಮೊದಲ ಪೂಜೆ ಮುಗಿಸಿ ಮಗ ಎಡ್ಮಂಡನೊಡನೆ ಹೋಟೆಲಿನೊಳಗೆ ಹೋದಾಗ ಲಿಯಾಂಗ್‌ಗೂ ಅವನ ತಾಯಿಗೂ ಜಗಳ ನಡೆದಿತ್ತು. ಮೇಜಿನ ಮೇಲೆ ಬರೀ ನೀರಿನಲ್ಲಿ ಬೇಯಿಸಿದ ಹಂದಿಮಾಂಸದ ದೊಡ್ಡ ತುಂಡು, ಪಕ್ಕದಲ್ಲೊಂದು ಚಾಕು.

ಲಿಯಾಂಗ್ ಇಂಗ್ಲಿಷಿನಲ್ಲಿ ಗೋಳು ತೋಡಿಕೊಂಡ. ಎಡ್ಮಂಡ್ ನನಗೆ ಕನ್ನಡದಲ್ಲಿ ಹೇಳಿದ: "ವರ್ಷಕ್ಕೊಮ್ಮೆಯ ಹಬ್ಬದ ಮಾಂಸವಂತೆ ಮಾಯ್. ಉಪ್ಪು, ಸಾಸ್ ಎಂತದೂ ಇಲ್ಲ. ಯಾರನ್ನೂ ಕರೀಬಾರದು. ಬಂದವರು ತಾವೇ ಕೊಯ್ದು ತಿನ್ಬೇಕು, ಥ್ಯಾಂಕ್ಸ್ ಹೇಳದೆ ಹೋಗ್ಬೇಕು. ಬೆಳಿಗ್ಗೆಯಿಂದ ಒಬ್ರೂ ಮುಟ್ಟಿಲ್ಲ. ಸಂಜೆಗೆ ಉಳಿದ್ರೆ ಮುಂದಿನ ವರ್ಷದಿಂದ ಬಂದ್ ಅಂತಿದ್ದಾನೆ. ಬನ್ನಿ, ನೂಡಲ್ಸ್ ಕಟ್ಟಿಸಿಕೊಂಡು ಮನೆಗೆ ಹೋಗುವ. ನಿಮಗೆ ಬಿಪಿ ಉಂಟು."

"ಡಾಕ್ಟ್ರು ಬಿಡಿಸಿದ್ದು ಉಪ್ಪು. ಇದರಲ್ಲಿ ಉಪ್ಪೆಲ್ಲುಂಟು?"

"ಕೊಬ್ಬು ಉಂಟಲ್ಲ."

"ಅದು ನಿನ್ನ ಮಾತಿನಲ್ಲೂ ಉಂಟು. ಕೂತ್ಕೋ."

ಮೂರು ವರ್ಷದಿಂದ ನನಗೆ ಸಪ್ಪೆ ಗಂಜಿಯೇ. ಸಪ್ಪೆಯನ್ನು ಅವಸರದಲ್ಲಿ ತಿನ್ನಲಾಗದು ಎಂದು ಅದು ಕಲಿಸಿದೆ. ಮಾಂಸದ ತಟ್ಟೆಯನ್ನು ಬಾಗಿಲ ಬಳಿಯ ಮೇಜಿಗೆ ತರಿಸಿದೆ. ಕರೆಯಬಾರದು, ಸರಿ, ಕಾಣಿಸಿಕೊಳ್ಳಬಾರದು ಎಂದು ಯಾರೂ ಹೇಳಿಲ್ಲವಲ್ಲ. ತೆಳ್ಳಗೆ ಕೊಯ್ದು ಬಾಯಿಗಿಟ್ಟೆ. ಮೊದಲ ತುತ್ತು ನೀರುನೀರು. ಮೂರನೆಯದರಲ್ಲಿ ಕೊಬ್ಬಿನ ಸಿಹಿ ನಿಧಾನವಾಗಿ ನಾಲಿಗೆಗೆ ಇಳಿಯಿತು. ಲಿಯಾಂಗ್ ಸಾಸ್ ಬಾಟಲಿ ತಂದಿಟ್ಟ. ನಾನು ಅದನ್ನು ಅವನ ಕೈಗೇ ವಾಪಸು ಕೊಟ್ಟೆ.

ಎರಡನೆಯ ಪೂಜೆ ಬಿಟ್ಟಿತು. ನಮ್ಮ ಮಂಗಳೂರಿನ ರಾಬಿನ್ ಬಾಗಿಲಲ್ಲೇ ನಿಂತ. "ಎಂತ ಅಲ್ಬಿನಾಬಾಯಿ, ಹಂದಿಮಾಂಸ ಒಬ್ಬರೇ?"

"ಚಾಕು ಅಲ್ಲುಂಟು."

ಅವನು ಕೊಯ್ದ, ಮುಖ ಹಿಂಡಿದ. "ಇದು ಆಸ್ಪತ್ರೆ ಊಟ."

"ಮೂರು ತುಂಡು ತಿಂದು ಆಮೇಲೆ ಮಾತಾಡು."

ಅವನು ಮೂರನೆಯ ತುಂಡು ನುಂಗಿ ಕುರ್ಚಿ ಎಳೆದುಕೊಂಡ. ಅವನನ್ನು ಕಂಡು ಇನ್ನಿಬ್ಬರು ಬಂದರು, ಅವರ ಹಿಂದೆ ಅವರ ಮನೆಯವರು. ನಾಲ್ಕು ಗಂಟೆಗೆ ತಟ್ಟೆಯಲ್ಲಿ ಎಲುಬು ಮಾತ್ರ.

ಲಿಯಾಂಗ್ ಎಲುಬು ನೋಡಿದ, ತಾಯಿಯನ್ನು ನೋಡಿದ, ಏನೋ ಗೊಣಗಿದ. "ಮುಂದಿನ ವರ್ಷ ಎರಡು ತುಂಡು ಬೇಯಿಸ್ಬೇಕಂತೆ," ಎಂದ ಎಡ್ಮಂಡ್. ಹೊರಡುವಾಗ ಅಭ್ಯಾಸಬಲದಿಂದ ಥ್ಯಾಂಕ್ಸ್ ಹೇಳಲು ಬಾಯಿ ತೆರೆದವನ ಕಾಲು ತುಳಿದೆ.

"ಸುಮ್ನಿರು. ಉಪ್ಪು ತಿಂದಿದ್ರೆ ತಾನೆ ಋಣ?"

ಗ್ವಾನ್ ಬಾಯಿಯ ಕಡೆ ತಿರುಗಿಯೂ ನೋಡದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಗೆ ನಡೆದೆ. ಹಿಂದಿನಿಂದ ಅವರ ನಗು ಕೇಳಿಸಿತು.