ಸಾದಾ ಅಕ್ಷರ

ಕಳಿಸುವ ಗುಂಡಿ ಒತ್ತಿದ ತಕ್ಷಣ ಪರದೆಯ ಮೇಲೆ ಮತ್ತೆ ಅದೇ ಪ್ರಶ್ನೆ ಬಂದು ನಿಂತಿತು: ಈ ಪತ್ರವನ್ನು ಅಲಂಕಾರದ ಸಮೇತ ಕಳಿಸಬೇಕೋ, ಸಾದಾ ಅಕ್ಷರದಲ್ಲೋ, ಎರಡೂ ಬಗೆಯಲ್ಲೋ?

"ನೋಡಮ್ಮ, ಪ್ರತಿ ಸಲ ಇದೇ ತಲೆನೋವು," ಎಂದರು ಜಿಯಾವುಲ್ಲಾ. "ನಲವತ್ತೊಂದು ಜನಕ್ಕೆ ಕಳಿಸಬೇಕು ಅಂದ್ರೆ ನಲವತ್ತೊಂದು ಸಲ ಕೇಳತ್ತೆ. ಪೋಸ್ಟ್ ಡಬ್ಬ ಯಾವತ್ತಾದ್ರೂ ಹಿಂಗೆ ಕೇಳಿತ್ತಾ?"

ಮಗಳು ಜಬೀನ್ ನಕ್ಕಳು. ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಅವಳಿಗೆ ಭಾನುವಾರ ಒಂದೇ ಬಿಡುವು. ಅಪ್ಪನಿಗೆ ಬುತ್ತಿ ಕೊಟ್ಟು ಹೋಗಲು ಬಂದವಳನ್ನು ಅವರು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡಿದ್ದರು. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ ಎಂಬುದು ಜಿಯಾವುಲ್ಲಾ ಹಾಕಿದ ಕಟ್ಟಳೆ. ಮಕ್ಕಳು ಇವತ್ತಿಗೂ ಅದನ್ನು ಮೀರಿದವರಲ್ಲ.

ಯಲಹಂಕದ ಹಳೇ ಊರಿನಲ್ಲಿ ಅವರ ಡಿಟಿಪಿ ಅಂಗಡಿಗೆ ಬೋರ್ಡೇ ಬೇಡವಾಗಿತ್ತು. ಹದಿನಾರನೇ ವಯಸ್ಸಿಗೆ ಪ್ರೆಸ್ಸಿಗೆ ಸೇರಿ ಅಚ್ಚುಮೊಳೆ ಜೋಡಿಸಿದವರು. ತಿರುಗುಮುರುಗಾಗಿ ನಿಂತ ಸೀಸದ ಅಕ್ಷರಗಳನ್ನು ಬೇರೆಯವರು ಪೇಪರ್ ಓದುವಷ್ಟೇ ಸಲೀಸಾಗಿ ಓದುತ್ತಿದ್ದರು. ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಗುಜರಿ ವ್ಯಾಪಾರಕ್ಕೆ ಇಳಿದರೆ ಇವರು ಮಾತ್ರ ಕೀಲಿಮಣೆ ಕಲಿತರು. ತಾಲೂಕು ಕಚೇರಿಯ ಗುಮಾಸ್ತರು ಅರ್ಜಿ ನೋಡಿದೊಡನೆ "ಇದು ಸಾಬ್ರ ಕೈ" ಅನ್ನುತ್ತಿದ್ದರು. ಕಾಗುಣಿತ ತಪ್ಪಿಲ್ಲ, ಅಂಚು ಸೊಟ್ಟಗಿಲ್ಲ, ಹೆಸರು ಬಂದ ಕಡೆ ದಪ್ಪ ಅಕ್ಷರ. ಈ ಜಂಬ ಅವರಿಗೆ ಸ್ವಲ್ಪ ಜಾಸ್ತಿಯೇ ಇತ್ತು, ಇರಲಿ. ಯಾರಿಗೂ ಕೆಡುಕು ಮಾಡಿದ ಜಂಬವಲ್ಲ ಎಂದುಕೊಂಡಿದ್ದರು.

"ಅಬ್ಬಾ, ಈ ಬಣ್ಣ, ಸೈಜು ಎಲ್ಲ ಯಾಕೆ? ಸಾದಾ ಅಂತ ಒಂದೇ ಸಲ ಸೆಟ್ ಮಾಡ್ಬಿಡ್ತೀನಿ. ಹೋಗೋದೂ ಸಾದಾ, ಕಾಣೋದೂ ಸಾದಾ. ಇನ್ಮೇಲೆ ಅದು ಏನೂ ಕೇಳಲ್ಲ," ಎಂದಳು ಜಬೀನ್.

"ಮಾಡು, ಪುಣ್ಯ ಬರತ್ತೆ."

ಜಬೀನ್ ಎಲ್ಲೋ ಒಳಗೆ ಹೋಗಿ ನಾಲ್ಕೈದು ಗುರುತು ತೆಗೆದಳು, ಒಂದು ಹಾಕಿದಳು, ಸರಿ ಎಂದು ಒತ್ತಿದಳು. ಪರದೆಯ ಮೇಲಿದ್ದ ಕನ್ನಡ ಮಾಯವಾಯಿತು. ಅದರ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಬಾಲ ಬಿಟ್ಟ ಸಿ, ಪೌಂಡಿನ ಗುರುತು, ಚುಕ್ಕಿ, ಕೊಕ್ಕೆ, ಸಾಲು ಸಾಲು ಕಸ.

"ಅಯ್ಯೋ, ಏನ್ ಮಾಡ್ದೆ? ವಾಪಸ್ ಹಾಕು!"

ಜಬೀನ್ ವಾಪಸ್ ಹಾಕಲಿಲ್ಲ. ಹಿಂದೆ ಕಳಿಸಿದ ಪತ್ರಗಳನ್ನು ಒಂದೊಂದಾಗಿ ತೆರೆದಳು. ಎಲ್ಲದರಲ್ಲೂ ಅದೇ ಕಸ. ಆಮೇಲೆ ಒಂದನ್ನು ತನ್ನ ಫೋನಿಗೆ ಕಳಿಸಿಕೊಂಡು ನೋಡಿದಳು, ಅವಳ ಮುಖದ ನಗು ಆರಿತು.

"ನಾನೇನೂ ಕೆಡಿಸಿಲ್ಲ ಅಬ್ಬಾ. ಇದು ಮೊದ್ಲಿಂದಾನೂ ಹಿಂಗೇ ಇದೆ. ನಿಮ್ಮ ಹಳೇ ಫಾಂಟ್ ಈ ಕಂಪ್ಯೂಟರ್‌ನಲ್ಲಿ ಇರೋದ್ರಿಂದ ಇಲ್ಲಿ ಕನ್ನಡವಾಗಿ ಕಾಣ್ತಿತ್ತು. ಅದು ಇಲ್ದೇ ಇರೋರಿಗೆ, ಫೋನಲ್ಲಿ ನೋಡೋರಿಗೆ, ಬರೀ ಇದೇ ಕಾಣೋದು."

"ತಾಲೂಕು ಆಫೀಸಿನೋರು ಓದ್ತಾರಲ್ಲೇ!"

"ಅವ್ರತ್ರನೂ ಅದೇ ಫಾಂಟ್ ಇದೆ, ಅದಕ್ಕೆ."

ಜಿಯಾವುಲ್ಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪತ್ರದ ಮೇಲ್ಗಡೆ ವಿಷಯ ಬರೆಯುವ ಸಾಲೊಂದಿತ್ತು. ಅಲ್ಲಿ ಏನು ಒತ್ತಿದರೂ ಮೊದಲಿನಿಂದ ಇಂಥದೇ ಕಸ ಮೂಡುತ್ತಿತ್ತು. ಆ ಸಾಲಿಗೇ ಏನೋ ರೋಗವಿದೆ ಎಂದು ತಿಳಿದು ಅವರು ಅದನ್ನು ಖಾಲಿ ಬಿಡುತ್ತಿದ್ದರು. ಕಣ್ಣಿನ ಮುಂದೆಯೇ ಇತ್ತು. ಇಷ್ಟು ವರ್ಷ ಅದು ಹೇಳುತ್ತಲೇ ಇತ್ತು, ಇವರು ಕೇಳಿಸಿಕೊಳ್ಳಲಿಲ್ಲ.

"ಮುನಿಯಲ್ಲಮ್ಮ," ಎಂದರು ಮೆಲ್ಲಗೆ.

ಚಿಕ್ಕಜಾಲದ ಮುನಿಯಲ್ಲಮ್ಮ ಪ್ರತಿ ಸೋಮವಾರ ಬಸ್ಸಿಳಿದು ಅಂಗಡಿಗೆ ಬರುವಾಕೆ. ಗಂಡ ಮುನಿಗಂಗಪ್ಪನಿಗೆ ಮರೆವಿನ ಕಾಯಿಲೆ. ಸಂಕ್ರಾಂತಿ ಮುಗಿದ ಮಾರನೇ ವಾರ, ಡೈರಿಗೆ ಹಾಲು ಹಾಕಿ ಬರುತ್ತೇನೆಂದು ಖಾಲಿ ಕ್ಯಾನು ಹಿಡಿದು ಹೊರಟವನು ತಿರುಗಿ ಬಂದಿರಲಿಲ್ಲ. ಹಸು ಮಾರಿ ಆರು ವರ್ಷವಾಗಿತ್ತು. ಪೊಲೀಸರಿಗೆ ದೂರು ಕೊಟ್ಟಾಗಿತ್ತು, ಅವರು ಬರೆದುಕೊಂಡಾಗಿತ್ತು. ಆಮೇಲೆ ಯಾರೋ, ನಿರಾಶ್ರಿತರನ್ನು ಇಟ್ಟುಕೊಳ್ಳುವ ಆಶ್ರಮಗಳಿಗೆಲ್ಲ ಕಾಗದ ಹಾಕಿಸಮ್ಮ ಎಂದಿದ್ದರು. ಜಬೀನಳೇ ನಲವತ್ತೊಂದು ಆಶ್ರಮಗಳ ಮೇಲ್ ವಿಳಾಸ ಹುಡುಕಿ ಕೊಟ್ಟಿದ್ದಳು.

ಇದ್ದ ಒಂದೇ ಫೋಟೋ ವೋಟರ್ ಕಾರ್ಡಿನದು, ಅದರಲ್ಲಿ ಮನುಷ್ಯನ ಮುಖಕ್ಕೆ ಮಸಿ ಬಳಿದಂತಿತ್ತು. ಹಾಗಾಗಿ ಎಲ್ಲವನ್ನೂ ಮಾತಿನಲ್ಲೇ ಹೇಳಬೇಕಾಯಿತು. ಜಿಯಾವುಲ್ಲಾ ಆ ಕಾಗದ ಬರೆಯಲು ಎರಡು ಗಂಟೆ ತೆಗೆದುಕೊಂಡಿದ್ದರು. ಎಡಗೈ ಉಂಗುರದ ಬೆರಳು ಅರ್ಧವೇ ಇದೆ, ಮೇವು ಕತ್ತರಿಸುವಾಗ ಹೋದದ್ದು. ಸಂಜೆ ನಾಲ್ಕಾದರೆ ಡೈರಿಗೆ ಹೊತ್ತಾಯಿತೆಂದು ಚಡಪಡಿಸುತ್ತಾರೆ. ಮುದ್ದೆ ಬಿಟ್ಟರೆ ಬೇರೇನೂ ಸೇರುವುದಿಲ್ಲ. ಗದರಬೇಡಿ, ಗದರಿದರೆ ಅಳುತ್ತಾರೆ. ಕೊನೆಯಲ್ಲಿ ಫೋನ್ ನಂಬರನ್ನು ಅಕ್ಷರದಲ್ಲಿ ಬರೆದಿದ್ದರು. ಪ್ರೆಸ್ಸಿನ ಕಾಲದಲ್ಲಿ ಅವರ ಕೈಯಲ್ಲಿ ಒಂದು ಲಗ್ನಪತ್ರಿಕೆಯ ಹನ್ನೆರಡನೇ ತಾರೀಖು ಇಪ್ಪತ್ತೊಂದಾಗಿ ಹೋಗಿ, ಹೆಣ್ಣಿನ ಅಪ್ಪ ಪ್ರೆಸ್ಸಿನ ಬಾಗಿಲಲ್ಲಿ ಕೂತು ಅತ್ತಿದ್ದ. ಅಂದಿನಿಂದ ಅಂಕಿಗಳನ್ನು ನಂಬದೆ ಎಲ್ಲವನ್ನೂ ಅಕ್ಷರದಲ್ಲೇ ಬರೆಯುತ್ತಿದ್ದರು.

ಅಂಕಿಗಳಾಗಿದ್ದರೆ ಆ ಕಸದ ನಡುವೆ ಅವಾದರೂ ಅಂಕಿಗಳಾಗಿಯೇ ಉಳಿಯುತ್ತಿದ್ದವು ಎಂದು ಜಬೀನ್‌ಗೆ ಗೊತ್ತಾಯಿತು. ಪರದೆ ನೋಡುತ್ತಿದ್ದ ಅಪ್ಪನಿಗೂ ಅದು ಹೊಳೆದಿತ್ತು.

"ಹತ್ತೊಂಬತ್ತು ಸೋಮವಾರ," ಎಂದರು ಅವರು. "ಹತ್ತೊಂಬತ್ತು ಸಲ ಓದಿ ಹೇಳಿದೀನಿ ಆಯಮ್ಮಂಗೆ. ಕಣ್ಮುಚ್ಕೊಂಡು ಕೇಳ್ತಿದ್ರು."

ಜಬೀನ್ ಯಾವ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಹೊಸ ಬಗೆಯ ಅಕ್ಷರ ಹಾಕಿಕೊಟ್ಟಳು. ಕೀಲಿಮಣೆ ಅದೇ, ಬೆರಳಿನ ಜಾಗವೂ ಅದೇ. ಇಷ್ಟು ಸುಲಭವಾಗಿತ್ತೇ ಎನ್ನಿಸಿ ಅವರಿಗೆ ಇನ್ನಷ್ಟು ಸಂಕಟವಾಯಿತು. ಕಾಗದವನ್ನು ಮೊದಲಿನಿಂದ ಒತ್ತಿದರು. ದಪ್ಪ ಅಕ್ಷರವಿಲ್ಲ, ಬಣ್ಣವಿಲ್ಲ. ವಿಷಯದ ಸಾಲಿನಲ್ಲಿ ಮೊದಲ ಬಾರಿಗೆ 'ಕಾಣೆಯಾದ ಮುನಿಗಂಗಪ್ಪನವರ ಬಗ್ಗೆ' ಎಂದು ಬರೆದರು, ಅದು ಮೂಡಿತು. ಕೊನೆಗೆ ಅಂಗಡಿಯ ಫೋನ್ ನಂಬರನ್ನು ಅಂಕಿಯಲ್ಲಿ ಹಾಕಿದರು. ಕಳಿಸುವಾಗ ಈ ಸಲ ಯಾವ ಪ್ರಶ್ನೆಯೂ ಬರಲಿಲ್ಲ.

ಬುತ್ತಿ ಹಾಗೇ ಇತ್ತು. ಮೂರೂವರೆಯ ಹೊತ್ತಿಗೆ ಫೋನ್ ಬಂತು.

"ನಾನು ಸಿದ್ರಾಮಪ್ಪ ಅಂತ, ಆಶ್ರಮದಿಂದ. ಕೋಲಾರದ ರೋಡಲ್ಲಿರೋದು ನಮ್ದು. ಮುನಿಗಂಗಪ್ಪ ಅಂತ ಮೇಲ್ ಕಳ್ಸಿದ್ದು ನೀವೇನಾ?"

"ನಾನೇ ಸರ್. ಇದಾರಾ ಅಲ್ಲಿ?"

"ಇದ್ರು. ಫೆಬ್ರವರೀಲಿ ಪೊಲೀಸ್ನೋರು ತಂದು ಬಿಟ್ರು. ಹೆಸ್ರು ಕೇಳಿದ್ರೆ ಒಂದೊಂದ್ ದಿನ ಒಂದೊಂದ್ ಹೇಳೋರು. ಬೆರಳು ಅರ್ಧ ಇತ್ತು, ನೀವು ಬರ್ದಿರೋ ಹಾಗೇ. ದಿನಾ ನಾಲ್ಕು ಗಂಟೆಗೆ ಗೇಟತ್ರ ಬಂದು ನಿಲ್ಲೋರು, ಡೈರಿ ಮುಚ್ಚಿಬಿಡ್ತಾರೆ ಬಿಡ್ರೋ ಅಂತ. ನಾವೂ ಹುಡುಕಿದ್ವಿ ಸರ್, ನಿಜವಾಗ್ಲೂ. ಮೊನ್ನೆ ಮೊನ್ನೆ ಜ್ವರ ಬಂದು ಹೋಗ್ಬಿಟ್ರು. ಇವತ್ತಿಗೆ ಇಪ್ಪತ್ತೆರಡು ದಿನ. ಯಾರೂ ವಾರಸುದಾರರು ಬರ್ಲಿಲ್ಲ ಅಂತ ನಾವೇ ಮಣ್ಣು ಮಾಡಿದ್ವಿ."

"ನಮ್ಮದೊಂದು ಮೇಲ್ ಬಂದಿತ್ತಾ ಸರ್? ಮೊದ್ಲೇ?"

"ಅದನ್ನೇ ಟ್ರ್ಯಾಶ್ ಫೋಲ್ಡರಲ್ಲಿ ನೋಡ್ತಿದ್ದೆ. ನಿಮ್ಮ ವಿಳಾಸದಿಂದ ಬೇಕಾದಷ್ಟು ಬಂದಿದೆ. ವಿಷಯ ಇಲ್ಲ, ಒಳಗೆ ಏನೇನೋ ಗುರುತು. ನಮ್ಮ ಆಫೀಸಿನ ಹುಡುಗಿ ಶಿಲ್ಪ ವೈರಸ್ ಇರ್ಬೇಕು ಸರ್, ತೆಗೀಬೇಡಿ ಅಂದ್ಲು. ಬಂದಂಗೆಲ್ಲ ಅಳಿಸ್ತಾ ಬಂದ್ವಿ." ಆಮೇಲೆ, "ನೀವು ಇವತ್ತು ಬರೆದ್ರಲ್ಲ, ಅದನ್ನ ಆಗ್ಲೇ ಬರೆದಿದ್ರೆ ಆಗ್ತಿತ್ತು," ಎಂದರು.

ಬೈದ ಧ್ವನಿಯಲ್ಲ ಅದು. ಬೈದಿದ್ದರೆ ಜಿಯಾವುಲ್ಲಾರಿಗೆ ಇದಕ್ಕಿಂತ ಹಗುರವಾಗುತ್ತಿತ್ತು. ಅವರು ಅಂಗಡಿಯ ಬಾಗಿಲು ಅರ್ಧ ಎಳೆದು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಜಬೀನ್ ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಳು. ವಾಯುಪಡೆಯ ತರಬೇತಿ ವಿಮಾನವೊಂದು ಊರಿನ ಮೇಲೆ ಸುತ್ತು ಹಾಕುತ್ತಲೇ ಇತ್ತು.

ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಮುನಿಯಲ್ಲಮ್ಮ ಬಂದಳು. ಕೈಯಲ್ಲಿ ಎಂದಿನಂತೆ ಒಂದು ಕಟ್ಟು ದಂಟಿನ ಸೊಪ್ಪು, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದು. ಅದನ್ನು ಮೇಜಿನ ಮೂಲೆಗಿಟ್ಟು ಸ್ಟೂಲಿನ ಮೇಲೆ ಕೂತಳು.

"ಸಾಬ್ರೆ, ಇವತ್ತು ಇನ್ನೊಂದು ಗ್ನಾಪ್ಕ ಬಂತು, ಅದ್ನೂ ಸೇರ್ಸಿ. ಮಲ್ಗೋವಾಗ ಬಲಗಡೇಗೇ ತಿರುಗೋದು ಅವ್ರು. ಎಡ್ಗಡೆ ಮಲಗ್ಸುದ್ರೆ ನಿದ್ದೆ ಮಾಡಕ್ಕಿಲ್ಲ. ಅಲ್ಲಿರೋರ್ಗೆ ಗೊತ್ತಾಗ್ಬೇಕಲ್ಲ."

ಜಿಯಾವುಲ್ಲಾ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದರು. ಆಕೆಯ ಮುಖ ನೋಡಿದ ಮೇಲೆ ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು. "ಅಮ್ಮಾ, ಸಿಕ್ಕಿದ್ರು," ಎಂದುಬಿಟ್ಟರು. ಆಕೆಯ ಕಣ್ಣು ಅರಳುವುದರೊಳಗೆ, "ಆದ್ರೆ ಇಲ್ಲ ಅಮ್ಮಾ. ಹೋಗ್ಬಿಟ್ಟಿದಾರೆ," ಎಂದರು.

ಮುನಿಯಲ್ಲಮ್ಮ ಅಳಲಿಲ್ಲ. ಸೊಪ್ಪಿನ ಕಟ್ಟನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಒಣಗಿದ ಎಲೆಗಳನ್ನು ಕಿತ್ತು ಕಿತ್ತು ಕೆಳಗೆ ಹಾಕಿದಳು. ಒಣಗಿದವು ಮುಗಿದ ಮೇಲೆ ಹಸಿರು ಎಲೆಗಳನ್ನೂ ಕೀಳತೊಡಗಿದಳು.

"ಯಾವತ್ತು?"

"ಇವತ್ತಿಗೆ ಇಪ್ಪತ್ಮೂರು ದಿನ."

"ಮಣ್ಣು ಯಾರು ಆಕುದ್ರು?"

"ಆಶ್ರಮದವರೇ. ಜಾಗ ತೋರಿಸ್ತಾರಂತೆ. ನಾನೂ ಬರ್ತೀನಿ ನಿಮ್ ಜೊತೆ."

"ನಮ್ ಕಾಗ್ದ ಅವರ್ಗೆ ಓಗಿರ್ಲಿಲ್ವಾ?"

ಇದಕ್ಕೆ ಸುಳ್ಳು ಹೇಳಬಹುದಿತ್ತು. ರಾತ್ರಿ ಅದನ್ನೂ ಯೋಚಿಸಿದ್ದರು. "ಹೋಗಿತ್ತು. ಪ್ರತಿ ವಾರ ಹೋಗಿತ್ತು. ಅವರಿಗೆ ಓದೋಕೆ ಆಗ್ಲಿಲ್ಲ. ತಪ್ಪು ನಂದು ಅಮ್ಮಾ. ನಾನು ಬರೆದ ಅಕ್ಷರ ಅಲ್ಲಿಗೆ ಅಕ್ಷರವಾಗಿ ತಲುಪಲಿಲ್ಲ. ಓದೋ ಹಾಗೆ ಹೋಗಿದ್ರೆ ಅವರು ಇವತ್ತು ನಿಮ್ಮ ಮನೇಲಿರ್ತಿದ್ರು."

ಆಕೆಗೆ ಅರ್ಥವಾಗಲಿಲ್ಲ. "ಅದೆಂಗೆ? ನೀವೇ ನಂಗೆ ಓದ್ ಏಳ್ತಿದ್ರಲ್ಲ. ಒಂದಕ್ಷರ ತಡವರಿಸ್ದಂಗೆ. ಎಲ್ಲಿ, ತೋರ್ಸಿ."

ಜಿಯಾವುಲ್ಲಾ ಮೊದಲನೇ ಸೋಮವಾರದ ಪತ್ರ ತೆರೆದು ಪರದೆಯನ್ನು ಆಕೆಯ ಕಡೆ ತಿರುಗಿಸಿದರು. ಗೀಟು, ಚುಕ್ಕಿ, ಕೊಕ್ಕೆ, ಬಾಲಗಳ ಸಾಲುಗಳು ಮೇಲಿನಿಂದ ಕೆಳಗಿನವರೆಗೆ ತುಂಬಿದ್ದವು. ಜೀವಮಾನದಲ್ಲಿ ಶಾಲೆಯ ಮೆಟ್ಟಿಲು ಹತ್ತದ ಮುನಿಯಲ್ಲಮ್ಮ ಕತ್ತು ಮುಂದೆ ಚಾಚಿ, ಒಂದು ಸಾಲನ್ನೂ ಬಿಡದೆ ನೋಡಿದಳು.

"ಇಷ್ಟು ಚೆಂದಾಗ್ ಬರ್ದಿದೀರ," ಎಂದಳು. "ಎಷ್ಟೊಂದು ಬರ್ದಿದೀರ. ಓದಕ್ಕೆ ಏನ್ ಬಂದಿತ್ತು ಸಾಬ್ರೆ ಅವರ್ಗೆ?"

ಜಿಯಾವುಲ್ಲಾ ಪರದೆಯನ್ನು ಆಕೆಯ ಹತ್ತಿರಕ್ಕೆ ಇನ್ನಷ್ಟು ಸರಿಸಿದರು.

"ಇದ್ರಾಗೆ ಅವ್ರ ಎಸ್ರು ಎಲ್ಲದೆ?"

ಅವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು. ಮೊದಲನೇ ಸಾಲು ಬಿಟ್ಟು ಎರಡನೆಯದಕ್ಕೆ ಬಂದರು. ಯಾವ ಕೀಲಿ ಎಲ್ಲಿ ಬಿದ್ದಿರಬೇಕೆಂದು ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಒತ್ತಿ ನೋಡಿಕೊಂಡವು. ಕೊಂಬು ಬಂದ ಇಂಗ್ಲಿಷ್ ಎ ಎರಡು, ಆಮೇಲೆ ಯು, ಮತ್ತೆ ಯು, ಕೊನೆಗೊಂದು ಅಡ್ಡಗೀಟಿನ ವೈ.

"ಇಲ್ಲಿದೆ ಅಮ್ಮಾ," ಎಂದರು.

ಮುನಿಯಲ್ಲಮ್ಮ ಎಲೆ ಕಿತ್ತ ಬೆರಳನ್ನು ಸೆರಗಿಗೆ ಒರೆಸಿಕೊಂಡು ಅಲ್ಲಿಟ್ಟಳು, ಇಟ್ಟೇ ಇದ್ದಳು. ಬಹಳ ಹೊತ್ತು ಯಾರೂ ಕೀಲಿಮಣೆ ಮುಟ್ಟದ್ದಕ್ಕೆ ಪರದೆ ತಾನಾಗಿ ಕಪ್ಪಾಯಿತು. ಬೆರಳು ಜರುಗಿದರೆ ಜಾಗ ತಪ್ಪೀತೆಂದು ಆಕೆ ಕೈ ತೆಗೆಯಲಿಲ್ಲ.