ನಾಲ್ಕು ವರ್ಷ ಪಂಕ್ಚರ್ ಆಗದ ಟೈರು

ನನ್ನ ಗಂಡ ಗಾರ್ತ್ ತೀರಿಹೋದ ಏಳು ವಾರದಲ್ಲಿ ನನಗೆ ಐದು ಪಂಕ್ಚರ್ ಆದವು. ಅಳು ಮಾತ್ರ ಒಂದು ಸಲವೂ ಬರಲಿಲ್ಲ. ಅವನು ಟೋಸ್ಟ್ ತಿನ್ನುತ್ತಾ ಕುರ್ಚಿಯಿಂದ ಜಾರಿ ಬಿದ್ದಾಗಲೂ ಇಲ್ಲ, ಮಣ್ಣು ಮಾಡುವಾಗಲೂ ಇಲ್ಲ. ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಓಡಾಡುವ ಹಾಗೆ ಓಡಾಡುತ್ತಿದ್ದೆ. ನೆರೆಯವರು ಬೇಯಿಸಿ ತಂದುಕೊಟ್ಟ ಲಸಾನ್ಯ ಫ್ರೀಜರಿನಲ್ಲಿ ಕಲ್ಲಾಗಿ ಕೂತಿತ್ತು.

ಮೂರನೆಯ ಸೋಮವಾರವೇ ಕೆಲಸಕ್ಕೆ ಹೊರಟೆ. ರೆಡ್ ಕ್ಲಿಫ್ಸಿನ ವೃದ್ಧಾಶ್ರಮದಲ್ಲಿ ನಾನು ಅಡುಗೆಯವಳು. ಮಿಲ್ಡೂರಾದ ನಮ್ಮ ಮನೆಯಿಂದ ಹದಿನಾರು ಕಿಲೋಮೀಟರು, ಹೋಗಿ ಬರುವುದು ಸೈಕಲ್ಲಿನ ಮೇಲೆ. ಶನಿವಾರ ಹೆಂಗಸರ ಸೈಕಲ್ ಗುಂಪಿನ ಜೊತೆ ಎಂಬತ್ತು ಕಿಲೋಮೀಟರು ತರಬೇತಿ.

ನಮ್ಮ ಕಡೆ ರಸ್ತೆಯ ಅಂಚಿನಲ್ಲಿ ಡಾಂಬರಿಗಿಂತ ನೆಗ್ಗಿನ ಮುಳ್ಳೇ ಹೆಚ್ಚು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುವ ಹಾಳು ಜಾತಿ ಅದು. ಹಾಗಾಗಿ ಗುಂಪಿನಲ್ಲೊಂದು ಕಟ್ಟಳೆ: ಪಂಕ್ಚರ್ ಆದವಳು ಆ ದಿನ ಎಲ್ಲರಿಗೂ ಕಾಫಿ ಕೊಡಿಸಬೇಕು. ನಾಲ್ಕು ವರ್ಷದಲ್ಲಿ ನಾನು ಯಾರಿಗೂ ಒಂದು ಲೋಟ ಕೊಡಿಸಿದವಳಲ್ಲ. ಅದರ ಜಂಬವೂ ಚೆನ್ನಾಗಿಯೇ ಇತ್ತು. ಗೆಳತಿ ಬೆವ್ ದಾರಿಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಟ್ಯೂಬಿನ ಜೊತೆ ಗುದ್ದಾಡುವಾಗ, "ಟೈರ್ ಆರಿಸೋಕೂ ಕಣ್ಣು ಬೇಕು ಕಣೇ" ಎಂದು ಹಂಗಿಸುತ್ತಿದ್ದೆ.

ಈಗ ಸಾಲಾಗಿ ಮೂರು ಶನಿವಾರ ಕಾಫಿ ನನ್ನದೇ. ಮೊದಲೆರಡು ವಾರ ಬೆವ್ ಬಾಯಿ ಬಿಗಿಹಿಡಿದಳು. ಮೂರನೆಯ ವಾರ ಆಗಲಿಲ್ಲ.

"ಏನೇ ಜಿಲ್, ಟೈರ್ ಆರಿಸಿದ ಕಣ್ಣಿಗೆ ಪೊರೆ ಬಂತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನಗಬೇಕಾದ ಜಾಗ ಎಂದು ಗೊತ್ತಿತ್ತು.

ಶನಿವಾರ ಹೇಗೋ ನಡೆಯುತ್ತಿತ್ತು, ಟ್ಯೂಬ್ ಬದಲಿಸಲು ಬೆವ್ ಇದ್ದಳು. ಕೆಲಸದ ದಿನ ನಾನೊಬ್ಬಳೇ. ಎರಡು ಸಲ ಸೈಕಲ್ ತಳ್ಳಿಕೊಂಡು ಹೋದೆ, ನಲವತ್ತು ಜನ ಮುದುಕರು ತಿಂಡಿಗೆ ಕಾದು ಕೂತರು. ಇನ್ನೊಮ್ಮೆ ಹೀಗಾದರೆ ಸೈಕಲ್ ಬಿಟ್ಟು ಕಾರಿನಲ್ಲಿ ಬರಬೇಕು ಎಂದರು ಮೇಲಿನವರು. ಕಾರು ಓಡಿಸಲು ಬರುತ್ತದೆ. ಆದರೆ ಆ ದಾರಿಯಲ್ಲಿ ಕಾಲು ತನ್ನಷ್ಟಕ್ಕೆ ತಿರುಗುತ್ತಿತ್ತು, ನಾನು ಯಾರೂ ಆಗಿರಬೇಕಿರಲಿಲ್ಲ. ಅದೂ ಕೈತಪ್ಪಿದರೆ ಉಳಿಯುವುದು ಮನೆಯೊಂದೇ. ಮನೆಗೆ ನಾನು ಹೆದರುತ್ತಿದ್ದೆ.

ಅದಕ್ಕೇ ಸೈಕಲ್ ತಳ್ಳಿಕೊಂಡು ಸ್ಟೆಲಿಯೊಸ್‌ನ ಅಂಗಡಿಗೆ ಹೋದೆ. ಊರಿನ ಅರ್ಧ ಸೈಕಲ್ಲುಗಳು ಅವನ ಕೈಯಲ್ಲೇ ರಿಪೇರಿಯಾಗುವುದು.

"ಟೈರಿಗೆ ವಯಸ್ಸಾಗಿದೆ" ಎಂದೆ. "ಇದೇ ಜಾತಿದು ಹೊಸದು ಕೊಡು. ನಾಲ್ಕು ವರ್ಷ ಒಂದು ಸಲಾನೂ ಕೈ ಕೊಟ್ಟಿಲ್ಲ ನಂಗೆ."

ಅವನು ಟೈರನ್ನು ಎರಡು ಬೆರಳಲ್ಲಿ ಹಿಚುಕಿದ. "ಇದಾ? ಇದು ರೇಸಿನ ಟೈರು ಮಾರಾಯ್ತಿ. ಈರುಳ್ಳಿ ಸಿಪ್ಪೆ. ಈ ಊರಲ್ಲಿ ಇದನ್ನ ಹಾಕ್ಕೊಂಡು ಹಾಲು ತರೋಕೂ ಹೋಗಬಾರದು."

"ನಾಲ್ಕು ವರ್ಷ ಓಡಿಸಿದೀನಪ್ಪ!"

"ಇದನ್ನೇ ಅಲ್ಲ. ವರ್ಷಕ್ಕೆ ಎರಡು ಸಲ ಗಾರ್ತ್ ಬಂದು ಹೊಸದು ತಗೊಂಡು ಹೋಗ್ತಿದ್ದ. ನಿಂಗೆ ಗೊತ್ತಿರಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಪಂಕ್ಚರ್ ಐದೂ ಹಿಂದಿನ ಚಕ್ರದವು, ಮುಂದಿನದನ್ನು ಯಾರೂ ಬಿಚ್ಚಿರಲಿಲ್ಲ. ಸ್ಟೆಲಿಯೊಸ್ ಅದನ್ನು ಬಿಚ್ಚಿದ. ಟ್ಯೂಬನ್ನು ಎಳೆದು ಬೆಂಚಿನ ಮೇಲೆ ಉದ್ದಕ್ಕೆ ಹಾಸಿದ. ಮೈತುಂಬ ತೇಪೆ. ಉಜ್ಜಿ, ಅಂಟು ಸವರಿ, ಅಂಚು ಏಳದ ಹಾಗೆ ಒತ್ತಿ ಕೂರಿಸಿದ ತೇಪೆಗಳು.

"ಹದಿನೇಳು" ಎಂದ ಅವನು. "ತಿಂಗಳಿಗೊಂದು ಡಬ್ಬಿ ತೇಪೆ ಒಯ್ತಿದ್ದ. ಇಬ್ರೂ ಕೂತು ಹಾಕ್ತೀರೇನೋ ಅಂದ್ಕೊಂಡಿದ್ದೆ."

"ನಂಗೆ ತೇಪೆ ಹಾಕೋಕೆ ಬರಲ್ಲ."

ಅವನು ಕೈ ಒರೆಸಿಕೊಂಡ. "ಈ ಮುಳ್ಳು ಒಂದೇ ಸಲಕ್ಕೆ ಗಾಳಿ ತೆಗೆಯಲ್ಲ ಜಿಲ್. ಒಳಗೇ ಮುರಿದು ಕೂತಿರತ್ತೆ, ಸಣ್ಣಗೆ ಸೋರ್ತಾ ಇರತ್ತೆ. ಗಾರ್ತ್ ಬೆಳಗ್ಗೆ ಎದ್ದು ನೋಡಿ ತೆಗೀತಿದ್ದ ಅನ್ಸತ್ತೆ. ಗಟ್ಟಿ ಟೈರ್ ಹಾಕೋ ಅಂತ ಪ್ರತಿ ಸಲ ಬೈತಿದ್ದೆ. 'ಬೇಡ, ಇದರಲ್ಲಿ ಅವಳಿಗೆ ಹಾರಿದ ಹಾಗಾಗತ್ತಂತೆ' ಅಂತಿದ್ದ."

ಹಾಗೆಂದು ನಾನು ಹೇಳಿದ್ದು ಒಂದೇ ಸಲ. ಸೈಕಲ್ ಕೊಂಡ ಮೊದಲ ವಾರ, ಹೆಲ್ಮೆಟ್ ಬಿಚ್ಚುತ್ತಾ ಹೇಳಿದ್ದು.

ಬೆಳಗಿನ ಐದೂವರೆಗೆ ನಾನು ಅಡುಗೆಮನೆಯಲ್ಲಿ ಚಹಾ ಕುಡಿಯುವಾಗ ಹಿತ್ತಿಲಿನ ಶೆಡ್ಡಿನಿಂದ ಪಂಪ್ ಹೊಡೆಯುವ ಸದ್ದು ಬರುತ್ತಿತ್ತು. ಗಾರ್ತ್ ತನ್ನ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದಾನೆ ಎಂದುಕೊಂಡಿದ್ದೆ. "ಬೆಳಬೆಳಗ್ಗೆ ಅದೇನೋ ನಿನ್ನ ಗೋಳು? ನಾನು ಹೋದ್ಮೇಲೆ ಮಾಡ್ಕೋಬಾರ್ದಾ?" ಎಂದು ಕಿಟಕಿಯಿಂದ ಕಿರುಚುತ್ತಿದ್ದೆ. "ಆಯ್ತು ಕಣೇ, ಮುಗೀತು" ಎನ್ನುತ್ತಿದ್ದ.

ಎದೆಯಲ್ಲೊಂದು ಕಡೆ ಸಣ್ಣಗೆ ಚುಚ್ಚಿತು, ಜೋಮು ಬಿಡುವಾಗ ಆಗುವ ಹಾಗೆ. ಅಷ್ಟೇ. ಅಳು ಬರಬಹುದೆಂದು ಕಾದೆ, ಬರಲಿಲ್ಲ.

ಸ್ಟೆಲಿಯೊಸ್ ಬೇರೊಂದು ಜೊತೆ ಟೈರು ತಂದಿಟ್ಟ. "ಕೆಲಸಕ್ಕೂ ತರಬೇತಿಗೂ ಒಂದೇ ಬೇಕು ಅಂದ್ರೆ ಇದು. ಒಳಗೆ ಗಟ್ಟಿ ಪಟ್ಟಿ ಇದೆ, ಮಗ್ಗುಲಿನವರೆಗೂ ಬಂದಿದೆ. ಸ್ವಲ್ಪ ಅಗಲ. ಭಾರನೂ ಹೌದು. ಹೇಸರಗತ್ತೆ ಇದ್ದ ಹಾಗೆ, ಹೊತ್ಕೊಂಡು ಹೋಗತ್ತೆ. ಹಾರಿದ ಹಾಗಾಗಲ್ಲ."

"ಪಂಕ್ಚರ್ರೇ ಆಗಲ್ವಾ?"

"ಕಮ್ಮಿ ಆಗತ್ತೆ. ಪಂಕ್ಚರ್ ಆಗದ ಟೈರ್ ಇಲ್ಲ ಜಿಲ್. ಯಾವತ್ತೂ ಇರಲಿಲ್ಲ."

"ಅದನ್ನೇ ಹಾಕು" ಎಂದೆ. "ತೇಪೆ ಡಬ್ಬಿನೂ ಕೊಡು. ಹಾಕೋದು ಹೇಗೆ ತೋರಿಸು."

ತೋರಿಸಿದ. ಮುಳ್ಳು ತೆಗೆಯದೆ ತೇಪೆ ಹಾಕಿದರೆ ಹತ್ತು ನಿಮಿಷಕ್ಕೆ ಮತ್ತೆ ಪಂಕ್ಚರ್. ಮೊದಲು ಟೈರಿನ ಒಳಗೆ ಬೆರಳಾಡಿಸಿ ಮೊನೆ ಹುಡುಕಬೇಕು. ಹಳೆಯ ಟೈರಿನಲ್ಲಿ ನಾನು ಎರಡು ಹುಡುಕಿದೆ. ಹಳೆಯ ಟ್ಯೂಬನ್ನು ಅವನು ಕಸಕ್ಕೆ ಹಾಕಲು ಹೋದಾಗ ಕಿತ್ತುಕೊಂಡು ಚೀಲಕ್ಕೆ ತುರುಕಿದೆ.

ಮರುದಿನ ಐದೂವರೆಗೆ ಚಹಾ ಲೋಟ ಹಿಡಿದು ಶೆಡ್ಡಿಗೆ ಹೋದೆ. ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಗಾಳಿ ಬೇಕಿರಲಿಲ್ಲ. ಆದರೂ ಮೊಳೆಯಿಂದ ಪಂಪ್ ಇಳಿಸಿ ನಾಲ್ಕು ಸಲ ಹೊಡೆದೆ. ಅಡುಗೆಮನೆಯ ಕಿಟಕಿಯ ಕಡೆ ನೋಡಿದೆ. ಇನ್ನೂ ನಾಲ್ಕು ಸಲ ಹೊಡೆದೆ, ಬೇಕೆಂದೇ ಜೋರಾಗಿ.

ಯಾರೂ ಬೈಯಲಿಲ್ಲ.